ಹತ್ತನೇ ಕ್ಲಾಸಿಗೆ ಒಬ್ಬರಿಗೇ ಕೊಡುವ ಟ್ಯೂಷನ್: ಮಗುವಿನ ತಪ್ಪಿನಿಂದ ಪಾಠ ಶುರು ಮಾಡುವುದು ಹೇಗೆ

ಟೇಬಲ್ ಮೇಲೆ ಗಣಿತದ ಉತ್ತರ ಪತ್ರಿಕೆ ಇತ್ತು. 80ಕ್ಕೆ 31. ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಹುಡುಗ. ಅವನ ಅಪ್ಪ ಕಲಬುರಗಿ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ತೊಗರಿ ಅಡತಿ (ದಲ್ಲಾಳಿ) ಅಂಗಡಿಯ ಲೆಕ್ಕ ಬರೆಯುವವರು. "ಮೇಡಂ, ಮೊದಲಿಂದ ಎಲ್ಲಾ ಹೇಳಿಕೊಡ್ರಿ ಇವಗ" ಅಂದರು. ಪರೀಕ್ಷೆಗೆ ಹತ್ತು ವಾರ ಉಳಿದಿತ್ತು. ವಾರಕ್ಕೆ ಮೂರು ದಿನ, ದಿನಕ್ಕೆ ಒಂದೂವರೆ ಗಂಟೆ. ಒಟ್ಟು 45 ಗಂಟೆ. ಶಾಲೆಯವರು ಹತ್ತು ತಿಂಗಳಲ್ಲಿ ಮಾಡುವುದನ್ನು 45 ಗಂಟೆಯಲ್ಲಿ ಮೊದಲಿಂದ ಮಾಡಲು ಆಗುತ್ತದಾ?

"ಅಂಗಡ್ಯಾಗ ಒಂದಿನದ ಲೆಕ್ಕ ತಾಳಿ ಆಗ್ಲಿಲ್ಲಂದ್ರ ಇಡೀ ವರ್ಷದ್ದು ತಿರುಗಿ ಬರೀತೀರೇನ್ರಿ?" ಅಂತ ಕೇಳಿದೆ. ಅವರು ನಕ್ಕರು. "ಇಲ್ರಿ, ಎಲ್ಲಿ ತಪ್ಪೇದ ಅಂತ ಹುಡುಕ್ತೀವ್ರಿ" ಅಂದರು.

ಒಬ್ಬರಿಗೇ ಕೊಡುವ ಟ್ಯೂಷನ್ನಿನ ಕೆಲಸವೂ ಅದೇ. 30 ಮಕ್ಕಳನ್ನು ಒಂದು ಹಾಲ್‌ನಲ್ಲಿ ಕೂಡಿಸಿ ಹೇಳುವ ಪಾಠವನ್ನೇ ಒಬ್ಬನಿಗೆ ಹೇಳಿದರೆ ಅದು ಬರೀ ದುಬಾರಿ ಪಾಠ. ಆ ಒಂದು ಮಗುವಿನ ಅಂಕ ಎಲ್ಲಿ ಸೋರುತ್ತಿದೆ ಅಂತ ಹುಡುಕಿ ಅಲ್ಲೇ ಕೂತರೆ ಮಾತ್ರ ಒಬ್ಬರಿಗೊಬ್ಬರು ಕೂತದ್ದಕ್ಕೆ ಬೆಲೆ.

ನಮ್ಮ ಕಡೆ ಈ ಕೆಲಸಕ್ಕೆ ಕೊರತೆ ಇಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ ಶೇ 50.59ರೊಂದಿಗೆ ರಾಜ್ಯದಲ್ಲೇ ಕೊನೆಗೆ ಇತ್ತು. 2025ರಲ್ಲಿ ಆ ಜಾಗಕ್ಕೆ ಕಲಬುರಗಿ ಬಂತು, ಶೇ 42.43. ಈ ಅಂಕಿ ನೋಡಿ ನಮ್ಮ ಮಕ್ಕಳು ದಡ್ಡರು ಅನ್ನುವವರು ಇದ್ದಾರೆ. ಅವರು ಒಂದು ಉತ್ತರ ಪತ್ರಿಕೆಯನ್ನಾದರೂ ಕೈಯಲ್ಲಿ ಹಿಡಿದು ಸಾವಕಾಶ ಓದಿರಲಿಕ್ಕಿಲ್ಲ.

ಶುರುವಿಗೆ ಮುಂಚೆ ನಾಲ್ಕು ಮಾತು

ಶಾಲೆಯಲ್ಲಿ ಕೆಲಸದಲ್ಲಿರುವ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 28ನೇ ಸೆಕ್ಷನ್ ಹಾಗೆ ಹೇಳುತ್ತದೆ. ಈ ಬರಹ ಡಿಗ್ರಿ ಮುಗಿಸಿದವರಿಗೆ, ಬಿ.ಎಡ್. ಓದುತ್ತಿರುವವರಿಗೆ, ಮನೆಯಲ್ಲೇ ಇರುವ ಓದಿದ ಹೆಣ್ಣುಮಕ್ಕಳಿಗೆ, ನಿವೃತ್ತ ಮಾಸ್ತರರಿಗೆ. ತಮ್ಮನಿಗೋ ತಂಗಿಗೋ ಹೇಳಿಕೊಡುವವರಿಗೂ ಆದೀತು.

ಮಗು ಕೂರುವ ಕೋಣೆಯ ಬಾಗಿಲು ತೆರೆದಿರಲಿ, ಮನೆಯಲ್ಲಿ ಇನ್ನೊಬ್ಬ ದೊಡ್ಡವರು ಇರಲಿ. ಇದು ನಿಮ್ಮ ಮನೆಗೂ ಅನ್ವಯ, ಅವರ ಮನೆಗೂ ಅನ್ವಯ. ಫೀಸು, ದಿನ, ವೇಳೆ ಮೊದಲೇ ಮಾತಾಡಿ ಮುಗಿಸಿ. "ಇಷ್ಟು ಅಂಕ ತರಿಸ್ತೀನಿ" ಅಂತ ಮಾತ್ರ ಯಾರಿಗೂ ಮಾತು ಕೊಡಬೇಡಿ.

ಮೊದಲ ಹೆಜ್ಜೆ: ಹಳೇ ಉತ್ತರ ಪತ್ರಿಕೆ ತರಿಸಿ

ಮೊದಲ ದಿನ ಪಾಠ ಬೇಡ. ಅರ್ಧವಾರ್ಷಿಕ ಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆ, ಕಿರುಪರೀಕ್ಷೆ, ಸಿಕ್ಕ ಉತ್ತರ ಪತ್ರಿಕೆಗಳನ್ನೆಲ್ಲ ತರಲು ಹೇಳಿ. ಕೆಲವರು ಕಮ್ಮಿ ಅಂಕದ ಪತ್ರಿಕೆಯನ್ನು ಹರಿದು ಹಾಕಿರುತ್ತಾರೆ ಅಥವಾ ಅಕ್ಕಿ ಡಬ್ಬದ ಹಿಂದೆ ಮುಚ್ಚಿಟ್ಟಿರುತ್ತಾರೆ. ಬೈಯಬೇಡಿ. ಯಾವುದೂ ಸಿಗದಿದ್ದರೆ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಿಂದ ಒಂದು ಮಾದರಿ ಪ್ರಶ್ನೆಪತ್ರಿಕೆ ತೆಗೆದು ಬರೆಸಿ.

ಪತ್ರಿಕೆಯ ಲೆಕ್ಕಾಚಾರ ನಿಮಗೆ ಬಾಯಿಪಾಠ ಇರಬೇಕು. ಗಣಿತದಲ್ಲಿ ಬರವಣಿಗೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಇತ್ತೀಚಿನ ವರ್ಷಗಳ ಪತ್ರಿಕೆಯಲ್ಲಿ 38 ಪ್ರಶ್ನೆ ಬಂದಿವೆ. ಬಹು ಆಯ್ಕೆಯ 8, ಒಂದು ಅಂಕದ 8, ಎರಡು ಅಂಕದ 8, ಮೂರು ಅಂಕದ 9, ನಾಲ್ಕು ಅಂಕದ 4, ಕೊನೆಗೆ ಐದು ಅಂಕದ ಒಂದು. ಈ ವರ್ಷದ ಮಾದರಿ ಪತ್ರಿಕೆ ಜೊತೆ ತಾಳೆ ನೋಡಿಕೊಳ್ಳಿ. ಪಾಸಿನ ನಿಯಮವನ್ನೂ ಅಲ್ಲೇ ನೋಡಿ, ನೆರೆಮನೆಯವರ ಮಾತು ನಂಬಬೇಡಿ.

ಈಗ ಕೆಂಪು ಪೆನ್ ಬಿಟ್ಟು ಪೆನ್ಸಿಲ್ ಹಿಡಿಯಿರಿ. ಕಳೆದುಹೋದ ಪ್ರತಿಯೊಂದು ಅಂಕದ ಪಕ್ಕದಲ್ಲಿ ಅದು ಯಾಕೆ ಹೋಯಿತು ಅಂತ ಒಂದು ಗುರುತು ಹಾಕಿ. ನಾನು ನಾಲ್ಕೇ ಗುರುತು ಬಳಸುತ್ತೇನೆ: ಗೊತ್ತಿಲ್ಲ, ಕೈ ತಪ್ಪು, ಪ್ರಶ್ನೆ ಓದಿಲ್ಲ, ಖಾಲಿ ಬಿಟ್ಟಿದ್ದು.

ಗಂಜಿನ ಲೆಕ್ಕದವರ ಮಗನ ಪತ್ರಿಕೆಯಲ್ಲಿ 49 ಅಂಕ ಹೋಗಿತ್ತು. ಗುರುತು ಹಾಕಿ ಮುಗಿಸಿದಾಗ ಹೀಗೆ ಬಂತು. ಗೊತ್ತಿಲ್ಲದ್ದು 12. ಕೈ ತಪ್ಪು 11. ಪ್ರಶ್ನೆ ಸರಿಯಾಗಿ ಓದದೆ ಹೋದದ್ದು 8. ಖಾಲಿ ಬಿಟ್ಟಿದ್ದು 18. ಆ ಖಾಲಿ ಜಾಗದ ಪ್ರಶ್ನೆಗಳನ್ನು ಒಂದೊಂದಾಗಿ ಬಾಯಲ್ಲಿ ಕೇಳಿದೆ. ಮೂರು ಪ್ರಶ್ನೆಗೆ ಅಲ್ಲೇ ಉತ್ತರ ಹೇಳಿದ. ಏಳು ಅಂಕದ ಪ್ರಶ್ನೆಗಳು! "ಮತ್ತ ಯಾಕ ಬರೀಲಿಲ್ಲ?" ಅಂದರೆ "ಟೈಮ್ ಸಾಲ್ಲಿಲ್ರಿ" ಅಂದ. ಒಂದು ಎರಡಂಕದ ಲೆಕ್ಕಕ್ಕೆ ಇಪ್ಪತ್ತು ನಿಮಿಷ ಜಗ್ಗಾಡಿದ್ದನಂತೆ.

ಅಪ್ಪ "ಮೊದಲಿಂದ ಎಲ್ಲಾ" ಅಂದಿದ್ದರು. ನಿಜವಾಗಿ ಪಾಠ ಬೇಕಿದ್ದದ್ದು 12 ಅಂಕದಷ್ಟಕ್ಕೆ, ಜಾಸ್ತಿ ಅಂದರೆ ಖಾಲಿ ಬಿಟ್ಟದ್ದರಲ್ಲಿ ಬಾಯಲ್ಲೂ ಉತ್ತರ ಬಾರದ 11 ಸೇರಿಸಿ. ಉಳಿದದ್ದಕ್ಕೆ ಬೇಕಿದ್ದುದು ಓದುವ, ಬರೆಯುವ, ಬಿಟ್ಟು ಮುಂದೆ ಹೋಗುವ ರೂಢಿ. ಈ ಒಂದು ಹಾಳೆ ಸಿಗದೆ ಮುಂದಿನ ಯಾವ ಹೆಜ್ಜೆಯೂ ಇಡಬೇಡಿ. ಎರಡು ದಿನ ಹೋದರೂ ಪರವಾಗಿಲ್ಲ.

ಎರಡನೇ ಹೆಜ್ಜೆ: ಕೆಳಗಿನ ಕ್ಲಾಸಿನ ಹತ್ತು ಲೆಕ್ಕ

ಗೊತ್ತಿಲ್ಲ ಅನ್ನುವುದರ ಬೇರು ಎಷ್ಟೋ ಸಲ ಹತ್ತನೇ ಕ್ಲಾಸಿನಲ್ಲಿ ಇರುವುದೇ ಇಲ್ಲ. ಆರು, ಏಳು, ಎಂಟರಲ್ಲಿ ಇರುತ್ತದೆ. ಅದಕ್ಕೆ ಹತ್ತು ಸಣ್ಣ ಲೆಕ್ಕ ಕೊಡಿ. ಮೂರರಿಂದ ಏಳು ಕಳೆ. ಮೈನಸ್ ನಾಲ್ಕನ್ನು ಮೈನಸ್ ಎರಡರಿಂದ ಗುಣಿಸು. 2/3 ಮತ್ತು 1/4 ಕೂಡಿಸು. 3 ಎಕ್ಸ್ + 5 = 20 ಆದರೆ ಎಕ್ಸ್ ಎಷ್ಟು? 360ರ ಶೇ 25 ಎಷ್ಟು? 144ರ ವರ್ಗಮೂಲ? ಹೀಗೆ.

2/3 + 1/4 ಅಂದರೆ 3/7 ಅಂತ ಬರೆದರೆ ತ್ರಿಕೋನಮಿತಿಗೆ ಕೈ ಹಾಕಿ ಉಪಯೋಗವಿಲ್ಲ. ಮೊದಲು ಭಿನ್ನರಾಶಿ. ರೊಟ್ಟಿ ಹರಿದು ತೋರಿಸಿದರೆ ಅರ್ಧ ಗಂಟೆಯ ಕೆಲಸ. ಹಂಚಿನ ಮೇಲಿನ ಒಂದು ಜೋಳದ ರೊಟ್ಟಿಯನ್ನು ಹನ್ನೆರಡು ತುಂಡು ಮಾಡು ಅನ್ನಿ. ಮೂರರಲ್ಲಿ ಎರಡು ಪಾಲು ಅಂದರೆ ಎಂಟು ತುಂಡು, ನಾಲ್ಕರಲ್ಲಿ ಒಂದು ಪಾಲು ಅಂದರೆ ಮೂರು ತುಂಡು. ಒಟ್ಟು ಹನ್ನೆರಡರಲ್ಲಿ ಹನ್ನೊಂದು. ಹತ್ತನೇ ಕ್ಲಾಸಿನವನಿಗೆ ಆರನೇ ಕ್ಲಾಸಿನ ಪಾಠ ಅಂತ ನಾಚಿಕೆ ಆಗದ ಹಾಗೆ ನೋಡಿಕೊಳ್ಳಿ. ಗುಂಪಿನಲ್ಲಿ ಈ ಪ್ರಶ್ನೆ ಅವನು ಜನ್ಮದಲ್ಲಿ ಕೇಳುತ್ತಿರಲಿಲ್ಲ. ನಿಮ್ಮೆದುರು ಒಬ್ಬನೇ ಇರುವುದರ ದೊಡ್ಡ ಲಾಭ ಇದು.

ಮೂರನೇ ಹೆಜ್ಜೆ: ಗುರಿ ಮಗುವಿನದಾಗಿರಲಿ

ಪಾಸಿನ ಗಡಿಯಲ್ಲಿರುವ ಮಗುವಿಗೂ 90 ದಾಟಬೇಕೆನ್ನುವ ಮಗುವಿಗೂ ಒಂದೇ ಪಟ್ಟಿ ಕೊಡುವುದು ಮೋಸ.

ಗಡಿಯಲ್ಲಿರುವವರಿಗೆ ಇಡೀ ಪುಸ್ತಕ ಬೇಡ. ಸಮಾಂತರ ಶ್ರೇಢಿ, ರೇಖಾತ್ಮಕ ಸಮೀಕರಣದ ಜೋಡಿ, ಸರಾಸರಿ–ಮಧ್ಯಾಂಕ–ಬಹುಲಕ, ಸಂಭವನೀಯತೆ, ದೂರದ ಸೂತ್ರ, ತ್ರಿಕೋನಮಿತಿಯ ಅನುಪಾತಗಳ ಕೋಷ್ಟಕ. ಇವು ಹಂತ ಹಂತವಾಗಿ ನಡೆಯುವ ಲೆಕ್ಕಗಳು, ಕೈಗೆ ಬೇಗ ಹತ್ತುತ್ತವೆ. ಜೊತೆಗೆ ಪ್ರಮೇಯ. ಥೇಲ್ಸನ ಪ್ರಮೇಯ ಅಂದರೆ ಹೆದರುವ ಮಗುವಿಗೂ ಚಿತ್ರ, ದತ್ತ, ಸಾಧನೀಯ, ರಚನೆ ಇಷ್ಟು ಬರೆಯಲು ಕಲಿಸಬಹುದು. ಸಾಧನೆ ಅರ್ಧಕ್ಕೆ ನಿಂತರೂ ಹಂತಕ್ಕೆ ಅಂಕ ಇರುತ್ತದೆ. ಪೂರ್ತಿ ಬರದಿದ್ದರೆ ಬರೆಯಬಾರದು ಅಂತ ಯಾರು ಇವರ ತಲೆಯಲ್ಲಿ ತುಂಬಿದ್ದಾರೋ ಗೊತ್ತಿಲ್ಲ. ಅದನ್ನು ಮೊದಲು ಕಿತ್ತು ಹಾಕಿ.

ಜಾಸ್ತಿ ಅಂಕದವರ ಕಥೆ ಬೇರೆ. ಅವರಿಗೆ ಗೊತ್ತಿಲ್ಲದ್ದು ಕಮ್ಮಿ, ಕೈ ತಪ್ಪು ಜಾಸ್ತಿ. 2 ಎಕ್ಸ್ ವರ್ಗ − 5 ಎಕ್ಸ್ + 3 = 0 ಅನ್ನುವ ವರ್ಗ ಸಮೀಕರಣ ತಗೊಳ್ಳಿ. ಸೂತ್ರದಲ್ಲಿ ಮೈನಸ್ ಬಿ ಇದೆ. ಬಿ ಬೆಲೆಯೇ −5. ಹಾಗಾಗಿ ಅದು +5 ಆಗಬೇಕು. ಗಡಿಬಿಡಿಯಲ್ಲಿ −5 ಅಂತಲೇ ಬರೆದು −1, −3/2 ಅಂತ ಉತ್ತರ ತೆಗೆಯುತ್ತಾರೆ. ಸರಿ ಉತ್ತರ 1 ಮತ್ತು 3/2. ಇಂಥವರಿಗೆ ಸೂತ್ರ ಮತ್ತೆ ಹೇಳಬೇಡಿ, ತಾಳೆ ನೋಡುವುದನ್ನು ಕಲಿಸಿ. −1 ಹಾಕಿ ನೋಡು ಅನ್ನಿ. 2 + 5 + 3, ಹತ್ತು ಬಂತು. ಸೊನ್ನೆ ಬರಲಿಲ್ಲ. ಇಪ್ಪತ್ತು ಸೆಕೆಂಡಿನ ಕೆಲಸ ಇದು.

ನಾಲ್ಕನೇ ಹೆಜ್ಜೆ: 90 ನಿಮಿಷದಲ್ಲಿ ನೀವು ಸುಮ್ನಿರುವುದು ಎಷ್ಟು?

ನನ್ನ ಮೊದಲ ವರ್ಷದ ತಪ್ಪು ಹೇಳುತ್ತೇನೆ. ಒಬ್ಬಳು ಹುಡುಗಿ ಬರುತ್ತಿದ್ದಳು. ನಾನು ಒಂದೂವರೆ ಗಂಟೆಯೂ ಮಾತಾಡುತ್ತಿದ್ದೆ. ಬೋರ್ಡ್ ತುಂಬ ಬಣ್ಣದ ಚಾಕ್‌ಪೀಸ್. "ತಿಳೀತಾ?" ಅಂದರೆ "ಹೂಂರಿ ಮೇಡಂ". ಎರಡು ತಿಂಗಳಾದ ಮೇಲೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೊದಲಿಗಿಂತ ನಾಲ್ಕು ಅಂಕ ಕಮ್ಮಿ ಬಂತು. ಅಳುತ್ತಾ ಹೇಳಿದಳು: "ನೀವ್ ಹೇಳಾಗ ಎಲ್ಲಾ ತಿಳಿತದ್ರಿ. ಮನಿಗ್ ಹೋದ ಮ್ಯಾಲ ಏನೂ ಬರಲ್ರಿ."

ಅವತ್ತಿನಿಂದ "ತಿಳೀತಾ?" ಅನ್ನುವುದನ್ನೇ ಬಿಟ್ಟೆ. ನಮ್ಮ ಕಡೆಯ ಮಗು ದೊಡ್ಡವರ ಮುಖ ನೋಡಿ "ಇಲ್ಲ" ಅನ್ನುವುದಿಲ್ಲ. ಅದು ಮರ್ಯಾದೆ, ಅರ್ಥ ಆದದ್ದಕ್ಕೆ ಗುರುತಲ್ಲ. ಅದರ ಬದಲು "ಈಗ ನನಗ ಹೇಳಿಕೊಡು" ಅನ್ನಿ.

ನನ್ನ ಒಂದೂವರೆ ಗಂಟೆ ಈಗ ಹೀಗೆ ನಡೆಯುತ್ತದೆ. ಬಂದ ಕೂಡಲೇ ಖಾಲಿ ಹಾಳೆ. ಪುಸ್ತಕ ಮುಚ್ಚಿ, ಹಿಂದಿನ ಸಲ ಮಾಡಿದ್ದರಲ್ಲಿ ನೆನಪಿರುವುದೆಲ್ಲ ಹತ್ತು ನಿಮಿಷ ಬರಿ. ಮೊದಲ ವಾರ ಮೂರು ಸಾಲು ಬರುತ್ತದೆ, ಮುಖ ಸಪ್ಪಗಾಗುತ್ತದೆ. ಇರಲಿ, ನೆನಪು ತೆಗೆಯುವ ಒದ್ದಾಟವೇ ಓದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು 2006ರಲ್ಲಿ ಇದನ್ನೇ ಪರೀಕ್ಷೆ ಮಾಡಿ ತೋರಿಸಿದರು. ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಒಂದು ಸಲ ಓದಿ, ಆಮೇಲೆ ನೆನಪಿನಿಂದ ಬರೆದವರು ಒಂದು ವಾರದ ನಂತರ ಮುಂದಿದ್ದರು. ಪರೀಕ್ಷೆ ಐದು ನಿಮಿಷದ ನಂತರ ಇರುವುದಿಲ್ಲವಲ್ಲ.

ಆಮೇಲೆ ಇಪ್ಪತ್ತೈದು ನಿಮಿಷ ಹಳೇ ತಪ್ಪು. ನಂತರ ಹೊಸದು ಒಂದೇ ಒಂದು ವಿಷಯ, ಮೂವತ್ತೈದು ನಿಮಿಷ. ಕೊನೆಗೆ ಹದಿನೈದು ನಿಮಿಷ ಗಡಿಯಾರ ಇಟ್ಟು ಎರಡೋ ಮೂರೋ ಪ್ರಶ್ನೆ. ಉಳಿದ ಐದು ನಿಮಿಷದಲ್ಲಿ ಇವತ್ತಿನ ತಪ್ಪು ಬರೆದಿಡುವುದು. ನಿಮಿಷ ಹೆಚ್ಚು ಕಮ್ಮಿ ಆಗುತ್ತದೆ. ಆದರೆ ಪೆನ್ನು ಮಗುವಿನ ಕೈಯಲ್ಲೇ ಇರಬೇಕು, ಇದರಲ್ಲಿ ರಾಜಿ ಬೇಡ. ನಿಮ್ಮ ಕೈ ತುರಿಸುತ್ತದೆ, "ಕೊಡಿಲ್ಲಿ" ಅಂತ ಕಸಿದುಕೊಳ್ಳಬೇಕು ಅನ್ನಿಸುತ್ತದೆ. ಚಹಾ ಕಪ್ ಹಿಡಿದುಕೊಳ್ಳಿ.

ಒಂದು ಉದಾಹರಣೆ. 2, 7, 12, ... ಈ ಶ್ರೇಢಿಯ ಹತ್ತನೇ ಪದ ಎಷ್ಟು? ಹುಡುಗ 52 ಬರೆದ. ಎರಡಕ್ಕೆ ಹತ್ತು ಸಲ ಐದು ಕೂಡಿಸಿದ್ದ. ಸೂತ್ರದಲ್ಲಿ 'ಎನ್ ಮೈನಸ್ ಒಂದು' ಇದೆಯಲ್ಲ ಅಂತ ನಾನು ತೋರಿಸಿದ್ದರೆ ಅವತ್ತು ತಿದ್ದಿಕೊಳ್ಳುತ್ತಿದ್ದ, ಮುಂದಿನ ವಾರ ಮತ್ತೆ ಅದೇ. ಅದಕ್ಕೆ ಕೇಳಿದೆ:

"ಎರಡನೇ ಪದಕ್ಕ ಬರಬೇಕಾದ್ರ ಐದು ಎಷ್ಟು ಸಲ ಕೂಡಿಸ್ದಿ?"

"ಒಂದು ಸಲರಿ."

"ಮೂರನೇದಕ್ಕ?"

"ಎರಡ್ ಸಲ."

"ಹತ್ತನೇದಕ್ಕ?"

ಸುಮ್ಮನಾದ. ನಾನೂ ಸುಮ್ಮನಿದ್ದೆ. ಹೊರಗೆ ಆಟೋ ಹೋದ ಸದ್ದು. ಬೆರಳು ಮಡಚಿ ಎಣಿಸಿದ. "ಒಂಬತ್ತರಿ! ಮೊದಲನೇದಕ್ಕ ಕೂಡಿಸೋದೇ ಇಲ್ಲಲ್ರಿ!" ಅಂದ. 47 ಬರೆದ. ಆಮೇಲೆ ಸೂತ್ರ ನೋಡಿ "ಅದಕ್ಕೇ ಮೈನಸ್ ಒಂದು ಹಾಕ್ಯಾರ" ಅಂತ ತಾನೇ ಅಂದುಕೊಂಡ. ಆ ಸುಮ್ಮನಿದ್ದದ್ದು ಅರ್ಧ ನಿಮಿಷವೂ ಇರಲಿಲ್ಲ, ಆದರೆ ಹೇಳಿಕೊಡುವವರಿಗೆ ಅದು ಭಾಳ ಉದ್ದ ಅನ್ನಿಸುತ್ತದೆ. ತಡೆದುಕೊಳ್ಳಿ.

ಐದನೇ ಹೆಜ್ಜೆ: ತಪ್ಪಿನ ನೋಟ್‌ಬುಕ್

ನೂರು ಪುಟದ ಒಂದು ನೋಟ್‌ಬುಕ್ ಸಾಕು. ಎಡಗಡೆ ಪುಟದಲ್ಲಿ ತಪ್ಪಾದ ಲೆಕ್ಕ, ತಪ್ಪು ಹೇಗಿತ್ತೋ ಹಾಗೆ. ಬಲಗಡೆ ಸರಿ ಉತ್ತರ ಬೇಡ. ಯಾಕೆ ತಪ್ಪಿತು ಅಂತ ಮಗುವಿನ ಮಾತಿನಲ್ಲೇ ಒಂದು ಸಾಲು. "ಮೊದಲನೇದಕ್ಕ ಕೂಡಿಸೋದಿಲ್ಲ, ಮರತಿದ್ದೆ." ಸಾಕು. ಚಂದದ ಪುಸ್ತಕದ ಭಾಷೆಯಲ್ಲಿ ಬರೆಸಿದರೆ ಯಾರೂ ತಿರುಗಿ ಓದುವುದಿಲ್ಲ.

ಪುಟದ ಮೇಲೆ ಮೂರು ತಾರೀಖು ಹಾಕಿ: ನಾಳೆ, ನಾಲ್ಕು ದಿನ ಬಿಟ್ಟು, ಹತ್ತು ದಿನ ಬಿಟ್ಟು. ಆ ದಿನ ಬಂದಾಗ ಅದೇ ಜಾತಿಯ, ಬೇರೆ ಅಂಕಿಯ ಲೆಕ್ಕ ಕೊಡಿ. ಮೂರು ಸಲವೂ ಸರಿ ಬಂದರೆ ಪುಟದ ಮೂಲೆ ಮಡಚಿ. ಒಂದು ಸಲ ತಪ್ಪಿದರೂ ಮತ್ತೆ ಮೂರು ತಾರೀಖು. ಮಡಚಿದ ಮೂಲೆಗಳು ಜಾಸ್ತಿ ಆಗುವುದನ್ನು ಮಕ್ಕಳೇ ಎಣಿಸಿಕೊಳ್ಳುತ್ತಾರೆ. ಮನೆಗೆಲಸ ಬೇರೆ ಕೊಡಬೇಕಿಲ್ಲ, ಈ ನೋಟ್‌ಬುಕ್ಕೇ ಮನೆಗೆಲಸ. ಅಪ್ಪ ಅವ್ವನಿಗೂ ತಿಂಗಳಿಗೊಮ್ಮೆ ಇದನ್ನೇ ತೋರಿಸಿ. ಬರೀ ಅಂಕ ಹೇಳಿದರೆ ಮಗುವಿಗೆ ಏಟು ಬೀಳುತ್ತದೆ. ಮಡಚಿದ ಪುಟ ತೋರಿಸಿದರೆ "ಇಷ್ಟು ಕೆಲಸ ಆಗೇದ" ಅಂತ ಅವರಿಗೂ ಕಾಣುತ್ತದೆ.

ಮನೆ ಮಾತು, ಪುಸ್ತಕದ ಮಾತು

ಕಲಬುರಗಿ, ಯಾದಗಿರಿ, ಬೀದರ್, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಇದು ಅರ್ಧ ಸಮಸ್ಯೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ. ಇನ್ನೊಂದು ಮನೆಯಲ್ಲಿ ದಖ್ಖನಿ ಉರ್ದು. ಬೀದರ್ ಗಡಿ ಕಡೆ ಮರಾಠಿ, ತೆಲುಗು. ಕನ್ನಡವೇ ಆಡುವವರದ್ದೂ ಪುಸ್ತಕದ ಕನ್ನಡ ಅಲ್ಲ. "ಉನ್ನತ ಕೋನ", "ಸ್ಪರ್ಶಕ", "ಚರಾಕ್ಷರ" ಅನ್ನುವ ಮಾತಿಗೆ ಮಗು ತಡವರಿಸಿದರೆ ಗಣಿತ ಬರುವುದಿಲ್ಲ ಅಂತ ನಾವು ಬರೆದುಬಿಡುತ್ತೇವೆ.

ಪದ್ಧತಿ ಸರಳ. ಮೊದಲು ಪ್ರಶ್ನೆಯನ್ನು ಅವನ ಮನೆ ಮಾತಿನಲ್ಲಿ ಹೇಳಿಸಿ. "ಗೋಪುರದ ಬುಡದಿಂದ 15 ಮೀಟರ್ ದೂರದ ಬಿಂದುವಿನಿಂದ ತುದಿಯ ಉನ್ನತ ಕೋನ 60 ಡಿಗ್ರಿ" ಅಂತ ಇದೆ. ಒಬ್ಬ ಹುಡುಗಿ ಹೇಳಿದ್ದು: "ಶರಣಬಸಪ್ಪನ ಗುಡಿ ಮುಂದ ನಿಂತು ಕತ್ತು ಮ್ಯಾಲ ಮಾಡಿ ಶಿಖರ ನೋಡಿದಂಗ್ರಿ." ಅಷ್ಟು ಹೇಳಿದಳೆಂದರೆ ಚಿತ್ರ ತಾನಾಗಿಯೇ ಬರುತ್ತದೆ. ಎತ್ತರ 15 ಗುಣಿಸು ಮೂರರ ವರ್ಗಮೂಲ. ಆಮೇಲೆ ಅದನ್ನೇ ಪುಸ್ತಕದ ಪದ ಹಾಕಿ ಬರೆಸಿ. ಎರಡೂ ಬೇಕು. ಮನೆ ಮಾತಿನಲ್ಲಿ ನಿಂತುಬಿಟ್ಟರೆ ಪ್ರಶ್ನೆಪತ್ರಿಕೆ ಓದಲು ಬರುವುದಿಲ್ಲ, ಪುಸ್ತಕದ ಮಾತೇ ಹಿಡಿದು ಕೂತರೆ ಬಾಯಿಪಾಠ ಆಗುತ್ತದೆ.

'ಪ್ರಶ್ನೆ ಓದಿಲ್ಲ' ಅನ್ನುವ ಗುರುತು ಜಾಸ್ತಿ ಇರುವ ಮಗುವಿಗೆ ಇನ್ನೊಂದು ಆಟ ಇದೆ. ಐದು ಪ್ರಶ್ನೆ ಕೊಡಿ, ಬಿಡಿಸುವುದು ಬೇಡ. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ, ಇಷ್ಟಕ್ಕೆ ಅಡಿಗೆರೆ ಎಳೆಯಲಿ. ತ್ರಿಜ್ಯ ಕೊಟ್ಟಿದ್ದಾರಾ, ವ್ಯಾಸ ಕೊಟ್ಟಿದ್ದಾರಾ ಅನ್ನುವುದರಲ್ಲೇ ಎಷ್ಟು ಅಂಕ ಹೋಗಿದೆಯೋ.

ಬೇರೆ ವಿಷಯಗಳು

ವಿಜ್ಞಾನದಲ್ಲಿ ಚಿತ್ರ ಬಿಡಿಸುವುದನ್ನು ದಿನಕ್ಕೊಂದರಂತೆ ಮಾಡಿಸಿ. ಹೃದಯದ ಚಿತ್ರದಲ್ಲಿ ಎಡ ಬಲ ಅದಲು ಬದಲಾಗುವುದು ಮಾಮೂಲಿ ತಪ್ಪು. ಚಿತ್ರದ ಎಡಗಡೆ ಕಾಣುವುದು ದೇಹದ ಬಲಗಡೆ. ಎದುರಿಗೆ ನಿಂತವರ ಬಲಗೈ ನಮಗೆ ಯಾವ ಕಡೆ ಕಾಣುತ್ತದೆ ಅಂತ ನಿಲ್ಲಿಸಿ ತೋರಿಸಿದರೆ ಮರೆಯುವುದಿಲ್ಲ. ಕಿರಣ ಚಿತ್ರಕ್ಕೆ ಬಾಣದ ಗುರುತು ಹಾಕದೆ ಬಿಡುವುದು ಇನ್ನೊಂದು.

ಸಮಾಜ ವಿಜ್ಞಾನದಲ್ಲಿ ಮಕ್ಕಳು ಪುಟಗಟ್ಟಲೆ ಬರೆಯುತ್ತಾರೆ. ನಾಲ್ಕು ಅಂಕಕ್ಕೆ ನಾಲ್ಕು ಅಂಶ ಬೇಕು, ಕಥೆ ಬೇಡ. ಭಾರತದ ನಕ್ಷೆ ಕೈಯಿಂದ ಬರೆಯುವುದನ್ನು ವಾರಕ್ಕೆರಡು ಸಲ ಮಾಡಿಸಿ. ಇಂಗ್ಲಿಷ್ ಬಗ್ಗೆ ಒಂದೇ ಮಾತು: ಪತ್ರ ಬರೆಯುವ ನಮೂನೆ, ವಿಳಾಸ ಎಲ್ಲಿ, ತಾರೀಖು ಎಲ್ಲಿ ಅನ್ನುವುದು ಕೈಗೆ ಕೂರಲಿ. ಕನ್ನಡಕ್ಕೆ ಟ್ಯೂಷನ್ ಯಾಕೆ ಅನ್ನುವವರು ಮೊದಲ ಭಾಷೆಗೆ 125 ಅಂಕ ಇದೆ ಅನ್ನುವುದನ್ನು ಮರೆಯುತ್ತಾರೆ. ಒಟ್ಟು 625ರಲ್ಲಿ ದೊಡ್ಡ ಪಾಲು ಅದರದ್ದೇ.

ನಮ್ಮ ಊರಿನ ಕ್ಯಾಲೆಂಡರ್ ನೋಡಿ ಪ್ಲಾನ್ ಮಾಡಿ

ಬೆಂಗಳೂರಿನವರು ಮಾಡಿದ ವೇಳಾಪಟ್ಟಿ ಇಲ್ಲಿ ನಡೆಯುವುದಿಲ್ಲ. ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿ. ಹಳ್ಳಿ ಕಡೆಯ ಮಗು ಹದಿನೈದು ದಿನ ಹೊಲದಲ್ಲಿರುತ್ತದೆ. ನಡುವೆ ಎಳ್ಳಮಾಸಿ (ಎಳ್ಳ ಅಮಾವಾಸ್ಯೆ), ಹೊಲಕ್ಕೆ ಎಡೆ ಚೆಲ್ಲುವ ಚರಗ, ಸಜ್ಜೆ ಕಡುಬು, ಭಜ್ಜಿ. ಆ ದಿನ ಟ್ಯೂಷನ್‌ಗೆ ಬಾ ಅನ್ನುವವರು ಮೂರ್ಖರು, ನಿಮ್ಮನ್ನೇ ಹೊಲಕ್ಕೆ ಕರೆಯುತ್ತಾರೆ, ಹೋಗಿ. ಮಾರ್ಚ್‌ನಲ್ಲಿ ಹೋಳಿ ಮುಗಿಯುತ್ತಿದ್ದಂತೆ ಶರಣಬಸವೇಶ್ವರರ ಜಾತ್ರೆ. ತೇರು ಎಳೆದ ಮೇಲೂ ಅಂಗಡಿ, ತೊಟ್ಟಿಲು ನಡೆದೇ ಇರುತ್ತವೆ. ಅದೇ ಹೊತ್ತಿಗೆ ಪರೀಕ್ಷೆ. ಈಗೀಗ ರಂಜಾನ್ ಕೂಡ ಫೆಬ್ರುವರಿ–ಮಾರ್ಚ್‌ನಲ್ಲೇ ಬರುತ್ತಿದೆ. ಉಪವಾಸ ಇರುವ ಮಗುವಿಗೆ ಸಂಜೆ ನಾಲ್ಕರ ಕ್ಲಾಸ್ ಇಟ್ಟರೆ ತಲೆಗೆ ಹತ್ತುವುದಿಲ್ಲ. ಸಹರಿ (ನಸುಕಿನ ಊಟ) ಮುಗಿದ ಮೇಲಿನ ಬೆಳಗಿನ ಹೊತ್ತು ಇಡಿ.

ಬಿಸಿಲೂ ಇದೆ. ಮಾರ್ಚ್ ಬಂತೆಂದರೆ ಮಧ್ಯಾಹ್ನ ಪತ್ರಾಸ್ (ತಗಡಿನ) ಮನೆಯಲ್ಲಿ ಕೂತು ಓದಲು ದೊಡ್ಡವರಿಗೂ ಆಗುವುದಿಲ್ಲ. ನಾನು ಫೆಬ್ರುವರಿ ಮಧ್ಯದಿಂದ ಬೆಳಿಗ್ಗೆ ಆರಕ್ಕೆ ಬದಲಾಯಿಸುತ್ತೇನೆ. ಹೇಗೂ ಪರೀಕ್ಷೆಯೂ ಬೆಳಿಗ್ಗೆಯೇ ಇರುವುದು, ಆ ಹೊತ್ತಿಗೆ ತಲೆ ಚುರುಕಾಗಿರಲಿ. ಕ್ಯಾಲೆಂಡರ್‌ನಲ್ಲಿ ಇವೆಲ್ಲ ಮೊದಲೇ ಗೆರೆ ಹೊಡೆದು ಉಳಿದ ದಿನ ಎಣಿಸಿ. 45 ಗಂಟೆ ಅಂತ ಹಾಕಿದ್ದು ನನ್ನ ಲೆಕ್ಕದಲ್ಲಿ 36ಕ್ಕೆ ಇಳಿದಿತ್ತು.

ಫೋನಿನಲ್ಲಿ ಹೇಳುವುದಾದರೆ

ಆಳಂದ, ಸೇಡಂ ಕಡೆಯ ಹಳ್ಳಿಯಿಂದ ವಾರಕ್ಕೆ ಮೂರು ಸಲ ಬಸ್ಸಿಗೆ ಬಾ ಅನ್ನಲು ಆಗುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ಮುಖ ನೋಡಿ ಉಪಯೋಗವಿಲ್ಲ, ಕ್ಯಾಮೆರಾ ನೋಟ್‌ಬುಕ್ ಮೇಲೆ ಇರಬೇಕು. ಎರಡು ಸ್ಟೀಲ್ ಡಬ್ಬಿ, ಮೇಲೊಂದು ಸ್ಕೇಲು, ಅದರ ಮೇಲೆ ಫೋನು. ಪೆನ್ನು ಎಲ್ಲಿ ನಿಲ್ಲುತ್ತದೆ ಅಂತ ನಿಮಗೆ ಕಾಣುತ್ತದೆ. ನೆಟ್‌ವರ್ಕ್ ಇಲ್ಲದ ದಿನ ಒಂದು ಲೆಕ್ಕದ ಫೋಟೋ ವಾಟ್ಸಾಪ್‌ಗೆ ಹಾಕಲಿ, ಜೊತೆಗೆ ತಾನು ಹೇಗೆ ಬಿಡಿಸಿದೆ ಅಂತ ಒಂದು ನಿಮಿಷದ ಧ್ವನಿ ಸಂದೇಶ. ಅದು ಎಷ್ಟೋ ಸಲ ಕಾಲ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಕೊನೆಯ ಮೂರು ವಾರ

ಹೊಸ ಪಾಠ ನಿಲ್ಲಿಸಿ. ಯಾರು ಏನೇ ಅಂದರೂ ನಿಲ್ಲಿಸಿ. ವಾರಕ್ಕೆ ಎರಡು ಪೂರ್ತಿ ಪತ್ರಿಕೆ, ಗಡಿಯಾರ ಇಟ್ಟು. ಗಣಿತಕ್ಕೆ ಪ್ರಶ್ನೆ ಓದುವ 15 ನಿಮಿಷ ಸೇರಿ ಮೂರು ಗಂಟೆ ಹದಿನೈದು ನಿಮಿಷ. ಓದುವ ಹೊತ್ತು ಬಿಟ್ಟರೆ 180 ನಿಮಿಷ, 80 ಅಂಕ. ಒಂದು ಅಂಕಕ್ಕೆ ಎರಡು ನಿಮಿಷ ಅಂದರೆ 160. ಉಳಿದ 20 ನಿಮಿಷ ತಾಳೆ ನೋಡಲು ಮತ್ತು ಬಿಟ್ಟದ್ದು ತುಂಬಲು.

ಗಂಜಿನವರ ಮಗನಿಗೆ ಇದನ್ನೇ ರೂಢಿ ಮಾಡಿಸಿದೆ. ಎರಡಂಕದ ಲೆಕ್ಕ, ನಾಲ್ಕು ನಿಮಿಷ. ಆಗಲಿಲ್ಲವೋ, ಜಾಗ ಬಿಟ್ಟು ಪಕ್ಕದಲ್ಲಿ ಸಣ್ಣ ಚುಕ್ಕೆ ಇಟ್ಟು ಮುಂದೆ ಹೋಗು. ಮೊದಲ ಎರಡು ಸಲ ಅವನಿಂದ ಆಗಲಿಲ್ಲ. ಅರ್ಧ ಬಿಟ್ಟು ಹೋಗುವುದೆಂದರೆ ಅವನಿಗೆ ಸೋತ ಹಾಗೆ. ಅದಕ್ಕೆ ಪತ್ರಿಕೆಯಲ್ಲಿ ಬೇಕಂತಲೇ ಒಂದು ಬಿಡಿಸಲಾಗದ ಲೆಕ್ಕ ಸೇರಿಸಿ, ಯಾವುದು ಅಂತ ಹೇಳದೆ ಕೊಟ್ಟೆ. ಅದನ್ನು ಗುರುತಿಸಿ ಬಿಡುವುದೇ ಪರೀಕ್ಷೆ ಅಂದೆ. ಮೂರನೇ ಪತ್ರಿಕೆಯಲ್ಲಿ ಖಾಲಿ ಬಿಟ್ಟದ್ದು 18ರಿಂದ 5ಕ್ಕೆ ಬಂತು. ಹೊಸ ಸೂತ್ರ ಒಂದೂ ಕಲಿಸದೆ.

ಪ್ರತಿ ಪತ್ರಿಕೆಗೂ ಮತ್ತೆ ಅದೇ ನಾಲ್ಕು ಗುರುತು. ತಿದ್ದುವವರು ನೀವಲ್ಲ, ಈಗ ಮಗುವೇ ಪೆನ್ಸಿಲ್ ಹಿಡಿಯಲಿ.

ಪರೀಕ್ಷೆಯ ದಿನಗಳು

ಹಿಂದಿನ ರಾತ್ರಿ ತಪ್ಪಿನ ನೋಟ್‌ಬುಕ್‌ನ ಮಡಚದ ಪುಟ ಮಾತ್ರ. ಹತ್ತಕ್ಕೆ ಮಲಗಲಿ. ಹಾಲ್ ಟಿಕೆಟ್, ಎರಡು ಪೆನ್ನು, ಸ್ಕೇಲು, ಕಂಪಾಸ್ ಬಾಕ್ಸ್, ನೀರಿನ ಬಾಟಲಿ ರಾತ್ರಿಯೇ ಚೀಲದಲ್ಲಿ. ಬೆಳಿಗ್ಗೆ ಎಣ್ಣೆಯದು ಬೇಡ, ರೊಟ್ಟಿ ಮೊಸರು ಸಾಕು.

ಬರೆದು ಬಂದ ಮೇಲೆ ಫೋನ್ ಬರುತ್ತದೆ: "ಮೇಡಂ, ಆ ಮೂರು ಮಾರ್ಕಿಂದು ತಪ್ಪ್ಯಾದರಿ." ಚರ್ಚೆ ಬೇಡ. "ಊಟ ಮಾಡಿ ಮಲಗು, ಮುಂದಿನದು ಯಾವಾಗದ?" ಅಂತ ಮಾತು ತಿರುಗಿಸಿ. ಆಗದೇ ಹೋದರೂ ದಾರಿ ಮುಚ್ಚುವುದಿಲ್ಲ. 2024ರಿಂದ ಪರೀಕ್ಷೆ-1 ಆದ ಮೇಲೆ ಅದೇ ವರ್ಷ ಮತ್ತೆ ಬರೆಯುವ ಅವಕಾಶ ಇದೆ. ಫಲಿತಾಂಶ ಬಂದ ದಿನ ಮನೆಯವರು ಸಿಟ್ಟಿನಲ್ಲಿರುತ್ತಾರೆ, ಮಗುವನ್ನು ಕೆಲಸಕ್ಕೆ ಕಳಿಸುವ ಮಾತು ಬರುತ್ತದೆ. ಪುಣೆಗೋ ಹೈದರಾಬಾದಿಗೋ ಹೋಗುವ ಬಸ್ಸು ಹತ್ತುವ ಮುಂಚೆ ಅವರ ಮನೆಗೆ ನೀವು ಹೋಗಿ. ಅರ್ಜಿ ತುಂಬುವ ಕೊನೆ ದಿನ ಯಾವುದು ಅಂತ ಬರೆದುಕೊಂಡು ಹೋಗಿ.

ಎಲ್ಲ ಮುಗಿದ ಮೇಲೆ ಒಂದು ಕೇಳಿಕೊಳ್ಳಿ: ಆ ತಪ್ಪಿನ ನೋಟ್‌ಬುಕ್. ಅವರಿಗೆ ರದ್ದಿ, ನಿಮಗೆ ಬೇಕಾದದ್ದು. ನನ್ನ ಕಪಾಟಿನಲ್ಲಿ ಹನ್ನೊಂದು ಇವೆ. ಜೂನ್‌ನಲ್ಲಿ ಹೊಸ ಮಗು ಬಂದಾಗ ಎರಡನೇ ದಿನದ ಹತ್ತು ಲೆಕ್ಕವನ್ನು ನಾನು ಅಲ್ಲಿಂದಲೇ ತೆಗೆಯುತ್ತೇನೆ.